ನಮ್ಮೂರಿನ ಹೆಸರು, ಸಣ್ಣಕ್ಷರದಲ್ಲಿ

ನನ್ನ ಹತ್ತಿರ ಇನ್ನೂರು ಪುಟದ, ಗಟ್ಟಿ ರಟ್ಟಿನ ಒಂದು ನೋಟುಬುಕ್ಕಿದೆ. ಅದರಲ್ಲಿ ನಮ್ಮ ಮನೆಯ ಕರೆಂಟ್ ಮೀಟರಿನ ನಂಬರು, ನೀರಿನ ಮೋಟಾರು ಸುಟ್ಟ ಎರಡೂ ಸಲದ ತಾರೀಖು, ಯಾವ ಸಿಲಿಂಡರು ಎಷ್ಟು ದಿನ ಬಂತು ಎಂಬುದು, ಫ್ರಿಜ್ಜಿನ ಬೆನ್ನಿಗೆ ಅಂಟಿಸಿದ ಹದಿನಾಲ್ಕು ಅಂಕಿಯ ಸಂಖ್ಯೆ, ಎಲ್ಲವೂ ಇವೆ. ಸುರಪುರದ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ವಿಜ್ಞಾನ ಕಲಿಸಿದವನ ಮನೆಯಲ್ಲಿ ಇಷ್ಟಾದರೂ ಇರಬೇಕು. ಬರೆದಿಡದ ಪ್ರಯೋಗ ಪ್ರಯೋಗವೇ ಅಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನು. ಆದ್ದರಿಂದ ನಲವತ್ತೇಳನೆಯ ಪುಟದಲ್ಲಿ ಕೆಂಪು ಶಾಯಿಯಿಂದ, ಕೆಳಗೆ ಎರಡು ಗೆರೆ ಎಳೆದು, "ಕ್ಯಾಮರಾ ಪಾಸ್‌ವರ್ಡ್: ನಮ್ಮೂರಿನ ಹೆಸರು" ಎಂದು ಬರೆದಾಗ ನಾನು ಯಾವ ತಪ್ಪೂ ಮಾಡಲಿಲ್ಲ. ತಪ್ಪು ಊರಿನದು.

ಮೊದಲು ಕಟ್ಟೆಯ ವಿಷಯ ಹೇಳಬೇಕು.

ನಮ್ಮ ಮನೆಯ ಮುಂದೆ ಫರ್ಸಿ ಕಲ್ಲು ಹಾಸಿದ ಒಂದು ಕಟ್ಟೆ ಇತ್ತು. ಸಂಜೆ ಐದಾದರೆ ಅದರ ಮೇಲೆ ಐದು ಮಂದಿ ಕೂಡುತ್ತಿದ್ದೆವು. ಗೋಡೆಗೆ ಗೋಡೆ ಹತ್ತಿದ ಮನೆಯ ಹಸನಸಾಬ, ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಹೊಸಬರು ಯಾರಾದರೂ ಕಟ್ಟೆಗೆ ಬಂದರೆ ಈಗಲೂ "ಒಳಗ ಸರೀರಿ, ಒಳಗ ಸರೀರಿ" ಅನ್ನುವವನು. ಅಂಚೆಯ ಅಯ್ಯಣ್ಣ, ಊರಿನ ಪ್ರತಿ ಬಾಗಿಲನ್ನೂ ಅದರ ನಾಯಿಯ ಸಮೇತ ಬಲ್ಲವನು. ತಾಲೂಕು ಕಚೇರಿಯ ದಫ್ತರ ಕೋಣೆಯಲ್ಲಿ ಆಯುಷ್ಯ ಕಳೆದ ಶ್ರೀಮಂತ. ಮೊಹರಿಲ್ಲದ ಯಾವ ಮಾತನ್ನೂ ನಂಬದವನು. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ ಬುದ್ಧಪ್ರಿಯ. ಮತ್ತು ನಾನು, ಮರಿಲಿಂಗಪ್ಪ.

ಬುದ್ಧಪ್ರಿಯ ಒಂದು ಬೇಸಿಗೆಯ ಮಧ್ಯಾಹ್ನ ಪಟ್ಟಿ ಇಲ್ಲದೆ, ಬರೀ ಮೊಳೆಯಿಂದ, ಕಟ್ಟೆಯ ಕಲ್ಲಿನ ಮೇಲೆ ಚೌಕಾಬಾರದ ಮನೆ ಕೊರೆದಿದ್ದ. ನಾನು ಆಮೇಲೆ ಸ್ಕೇಲು ತಂದು ಪರೀಕ್ಷಿಸಿದೆ. ಒಂದು ಗೆರೆಯೂ ಓರೆಯಿರಲಿಲ್ಲ. ಆ ಕಟ್ಟೆಯ ಮೇಲೆ ಹತ್ತನೆಯ ತರಗತಿಯ ಫಲಿತಾಂಶದ ಪೇಪರು ಹರವಿ ಇಡೀ ಓಣಿಗೆ ನಂಬರು ಓದಿದ್ದೇವೆ. ಶೇಂಗಾ ಸಿಪ್ಪೆಯನ್ನು ಕಾಲಿನಿಂದ ಸರಿಸುತ್ತ ಮೂರು ಮದುವೆ ಕೂಡಿಸಿದ್ದೇವೆ, ಅದರಲ್ಲಿ ಎರಡು ಚೆನ್ನಾಗಿ ನಡೆದಿವೆ. ಕರೆಂಟು ಹೋದಾಗ ಓಣಿಯ ಹೆಣ್ಣುಮಕ್ಕಳೂ ಬಂದು ಕೂಡುತ್ತಿದ್ದರು. ಕರೆಂಟು ಬಂದಾಗ ಯಾರೂ ತಕ್ಷಣ ಏಳುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಬುದ್ಧಪ್ರಿಯ ತೀರಿಕೊಂಡ. ಆಮೇಲೆ ನಾಲ್ಕು ಮಂದಿ ಉಳಿದೆವು.

ಇನ್ನು ಕ್ಯಾಮರಾದ ವಿಷಯ. ಹಿಂದಿನ ಓಣಿಯ ಬಟ್ಟೆ ಅಂಗಡಿಯವನು ತನ್ನ ಮನೆಗೆ ನಾಲ್ಕು ಕ್ಯಾಮರಾ ಹಾಕಿಸಿದ. ಅವನು ನನ್ನ ವಿದ್ಯಾರ್ಥಿ. ಮಸೂರದ ಪಾಠಕ್ಕೆ ಎರಡು ಸಲ ಫೇಲಾದವನು. ಮಸೂರ ಕಲಿಸಿದವನ ಮನೆಗೇ ಒಂದು ಮಸೂರವಿಲ್ಲ ಎಂದರೆ ಹೇಗೆ? ಯಾದಗಿರಿಯಿಂದ ಗಯಾಸ ಎಂಬ ಕ್ಯಾಮರಾ ಜೋಡಿಸುವವನನ್ನು ಕರೆಸಿದೆ. ಕಳುವಾಗುವಂಥದ್ದು ನಿಮ್ಮ ಮನೆಯಲ್ಲಿ ಏನಿದೆ ಎಂದು ಶ್ರೀಮಂತ ಕೇಳಿದ. ವಸ್ತು ಮುಖ್ಯವಲ್ಲ, ತತ್ವ ಮುಖ್ಯ ಎಂದೆ.

ಕ್ಯಾಮರಾ ಬಾಗಿಲ ಮೇಲೆ ಕೂತು ಕಟ್ಟೆಯನ್ನು ನೋಡತೊಡಗಿತು. ಮೊದಲ ವಾರ ನಮ್ಮ ಸಂಜೆಗಳು ಹದಗೆಟ್ಟವು. ಹಸನಸಾಬ ತಲೆ ಬಾಚಿಕೊಂಡು ಬರುತ್ತಿದ್ದ. ಅಯ್ಯಣ್ಣ ಗ್ರೂಪ್ ಫೋಟೊದಲ್ಲಿ ಕೂತಂತೆ ಮೊಣಕಾಲ ಮೇಲೆ ಕೈಯಿಟ್ಟು ಕೂಡುತ್ತಿದ್ದ. ನನ್ನ ಹೆಂಡತಿ ಮಲ್ಲಾಬಾಯಿ ಮೆಣಸಿನಕಾಯಿ ಒಣಹಾಕಲು ಸೀರೆ ಬದಲಿಸಿ ಹೋಗುತ್ತಿದ್ದಳು. ರೆಕಾರ್ಡಾಗುವ ಪೆಟ್ಟಿಗೆ ಒಳಗೆ ಅಲಮಾರಿನ ಮೇಲಿತ್ತು. ಅದರಲ್ಲಿ ಹದಿನೈದು ದಿನ ಹಿಡಿಯುತ್ತದೆ, ಹದಿನಾರನೆಯ ದಿನ ಮೊದಲ ದಿನವನ್ನು ನುಂಗುತ್ತದೆ ಎಂದು ಚೌಕಾಬಾರದ ಕಾಯಿ ನಡೆಸಿ ಗೆಳೆಯರಿಗೆ ವಿವರಿಸಿದೆ. ಕಾಯಿ ಹಣ್ಣಾಯಿತೇ ಎಂದು ಅಯ್ಯಣ್ಣ ಕೇಳಿದ. ವಿಷಯ ಅಲ್ಲಿಗೆ ಮುಗಿಯಿತು. ಎಲ್ಲರೂ ಕ್ಯಾಮರಾವನ್ನು ಮರೆತರು.

ಆಮೇಲೆ ಚರಂಡಿ ಕೆಲಸ ಬಂತು. ಒಂದು ಮಂಗಳವಾರ ಬೆಳಿಗ್ಗೆ ಜೆಸಿಬಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮನೆಗಳ ಮುಂದಿನ ಮೆಟ್ಟಿಲು, ಕಟ್ಟೆ ಎಲ್ಲವನ್ನೂ ಕಿತ್ತು ಹಾಕಿತು. ನಮ್ಮ ಕಟ್ಟೆಗೆ ನಾಲ್ಕು ನಿಮಿಷ ಹಿಡಿಯಿತು. ಬರೆದಿಟ್ಟಿದ್ದೇನೆ.

ಅಂದು ಸಂಜೆ ಐದಕ್ಕೆ ನಾಲ್ವರೂ ಸರಿಯಾಗಿ ಬಂದು ಗುಂಡಿಯ ಅಂಚಿನಲ್ಲಿ ನಿಂತೆವು. ನಿಂತು ಮಾತಾಡುವುದು ಬೇರೆ ವಿದ್ಯೆ. ನಿಂತವನಿಗೆ ಹತ್ತು ನಿಮಿಷಕ್ಕೆ ಮನೆ ನೆನಪಾಗುತ್ತದೆ. ಮರುದಿನ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದೆವು. ಅಲ್ಲಿ ಚಹಾ ಮುಗಿದ ಮೇಲೆ ಕಪ್ಪು ಒಯ್ಯಲು ಬಂದವನು ನಮ್ಮನ್ನೂ ಒಯ್ಯುವವನಂತೆ ನೋಡಿದ. ನಮ್ಮ ಪಡಸಾಲೆಯಲ್ಲಿ ಆ ಹೊತ್ತಿಗೆ ಟಿವಿಯ ಧಾರಾವಾಹಿ. ಅತ್ತೆ ಸೊಸೆಯರ ಅಳುವಿನ ನಡುವೆ ಮಳೆಯ ಮಾತು ಆಡಲಾಗಲಿಲ್ಲ. ಎರಡನೆಯ ವಾರಕ್ಕೆ ಅಯ್ಯಣ್ಣ ಬರುವುದು ಬಿಟ್ಟ. ನಲವತ್ತು ವರ್ಷ ಊರನ್ನೆಲ್ಲ ಸುತ್ತಿದವನಿಗೆ ಎರಡು ಓಣಿ ದೂರವಾಯಿತು.

ಕಟ್ಟೆ ಬಿದ್ದ ಹದಿಮೂರನೆಯ ದಿನ, ಸೋಮವಾರ ಬೆಳಿಗ್ಗೆ, ಚರಂಡಿಯ ಎಂಜಿನಿಯರ್ ಅಳತೆ ಟೇಪು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಸುಮಂಗಲಾ, ನನ್ನ ಹಳೆಯ ವಿದ್ಯಾರ್ಥಿನಿ. ಕಾಮಗಾರಿಯ ಪಟ್ಟಿಯಲ್ಲಿ ಕಿತ್ತ ಕಟ್ಟೆಗಳನ್ನು ಚರಂಡಿ ಮುಚ್ಚುವ ಹಾಸಿನ ಮೇಲೆ ಇದ್ದಂತೆಯೇ ಕಟ್ಟಿಕೊಡಬೇಕು ಎಂಬ ಸಾಲು ಇದೆಯಂತೆ. ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಕಾಂಕ್ರೀಟು. ಆದರೆ ಕಟ್ಟೆ ಇತ್ತು ಎಂಬುದಕ್ಕೆ ಪುರಾವೆ ಬೇಕು, ಅಳತೆ ಬೇಕು.

"ಈಗ ಓಣ್ಯಾಗ ಯಾರನ್ನ ಕೇಳಿದ್ರೂ ನಮ್ಮ ಮನಿ ಮುಂದ ಕಟ್ಟಿ ಇತ್ತು ಅಂತಾರ್ರಿ ಸರ್" ಎಂದಳು. "ಎಲ್ಲಾರ ಕಟ್ಟಿ ಕೂಡಿಸಿದ್ರ ರೋಡಿಗೆ ಜಾಗಾನೇ ಉಳಿಯೂದಿಲ್ಲ. ನಿಮ್ದು ಎಷ್ಟು ಉದ್ದ ಇತ್ತು?"

ಅಷ್ಟರಲ್ಲಿ ಹಸನಸಾಬ ಬಂದಿದ್ದ, ಶ್ರೀಮಂತನೂ ಬಂದಿದ್ದ. ಕೂಗಿ ಕರೆಸಿದ್ದಕ್ಕೆ ಅಯ್ಯಣ್ಣನೂ ಬಂದ. ಆರಾಮಾಗಿ ಕೂತರೆ ಆರು ಮಂದಿ, ಒತ್ತಿದರೆ ಒಂಬತ್ತು ಎಂದು ಹಸನಸಾಬ ಹೇಳಿದ. ಶ್ರೀಮಂತ ಒಂಬತ್ತು ಫೂಟು ಅಂದ. ಅಯ್ಯಣ್ಣ ಹದಿನಾಲ್ಕು ಅಂದ. ತಾನು ಬೇಸಿಗೆಯಲ್ಲಿ ಕಾಲು ಚಾಚಿ ಮಲಗಿದಾಗ ಕಾಲಬುಡದಲ್ಲಿ ಚೌಕಾಬಾರ ನಡೆಯುತ್ತಿತ್ತು ಎಂಬುದು ಅವನ ಆಧಾರ. ಸುಮಂಗಲಾ ನನ್ನತ್ತ ತಿರುಗಿದಳು. ಎಲ್ಲವನ್ನೂ ಬರೆದಿಟ್ಟವನು ಕಟ್ಟೆಯನ್ನು ಅಳೆದಿರಲಿಲ್ಲ. ಅಳೆಯಬೇಕೆಂದರೆ ಅದರ ಮೇಲಿಂದ ಏಳಬೇಕಾಗಿತ್ತಲ್ಲ. ಸಾಧಾರಣ ಉದ್ದವಿತ್ತು ಎಂದೆ.

"ಯೂನಿಟ್ ಇಲ್ದ ಉತ್ತರಕ್ಕ ಮಾರ್ಕ್ಸ್ ಇಲ್ಲ ಅಂತ ನೀವೇ ಹೇಳ್ತಿದ್ರಿ ಸರ್" ಎಂದು ಅವಳು ನಕ್ಕಳು. ಒಂದು ಫೋಟೊ ಆದರೂ ಸಾಕು, ಸಂಜೆ ಐದಕ್ಕೆ ಬರುತ್ತೇನೆ, ಅದರ ಮೇಲೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಹೋದಳು.

ಆಲ್ಬಮ್ಮುಗಳನ್ನು ತೆಗೆದೆವು. ಮಗಳ ಮದುವೆಯ ಆಲ್ಬಮ್ಮಿನಲ್ಲಿ ಕಟ್ಟೆಯ ಮೇಲೆ ಇಡೀ ಬಾಜಾ ಭಜಂತ್ರಿ ಕೂತಿತ್ತು. ಹೊಸ ಕೂಲರು ಬಂದ ದಿನದ ಫೋಟೊದಲ್ಲಿ ಕೂಲರಿತ್ತು. ಇನ್ನೊಂದರಲ್ಲಿ ಸಂಡಿಗೆ. ಕಟ್ಟೆಯ ಫೋಟೊವನ್ನು ಯಾರು ತೆಗೆಯುತ್ತಾರೆ? ಆಗ ನಾನು ಬಾಗಿಲ ಮೇಲೆ ನೋಡಿದೆ. ಮಸೂರ ನನ್ನನ್ನು ನೋಡುತ್ತಿತ್ತು. ಪೆಟ್ಟಿಗೆಯಲ್ಲಿ ಹದಿನೈದು ದಿನ ಹಿಡಿಯುತ್ತದೆ. ಕಟ್ಟೆ ಬಿದ್ದು ಹದಿಮೂರು. ಅಂದರೆ ನಮ್ಮ ಕಟ್ಟೆ ಅಲಮಾರಿನ ಮೇಲೆ ಇನ್ನೂ ಎರಡು ದಿನ ಜೀವಂತವಾಗಿತ್ತು.

ಪೆಟ್ಟಿಗೆಯನ್ನು ಟಿವಿಗೆ ಜೋಡಿಸುವ ತಂತಿ ಯಾರದೋ ಮನೆಯ ಮದುವೆ ವಿಡಿಯೊ ತೋರಿಸಲು ಹೋಗಿ ವಾಪಸು ಬಂದಿರಲಿಲ್ಲ. ಚಿಂತೆಯಿಲ್ಲ; ಫೋನೂ ಪೆಟ್ಟಿಗೆಯೂ ಮನೆಯ ಒಂದೇ ವೈಫೈಯಲ್ಲಿದ್ದರೆ ಫೋನಿನಲ್ಲೇ ನೋಡಬಹುದು. ಫೋನು ಹೊಸದು, ಎರಡು ತಿಂಗಳ ಹಿಂದೆ ಕೊಂಡದ್ದು; ಹಳೆಯದರಲ್ಲಿ ಗಯಾಸನೇ ಎಲ್ಲ ಮಾಡಿಕೊಟ್ಟಿದ್ದ. ಆ್ಯಪು ಹಾಕಿಕೊಂಡು ತೆರೆದೆ. ಒಂದು ಚಕ್ರ ತಿರುಗಿ ತಿರುಗಿ, ಪೆಟ್ಟಿಗೆ ಸಿಗಲಿಲ್ಲ ಎಂದಿತು. ಪೆಟ್ಟಿಗೆ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಹಸಿರು ದೀಪ ಮಿಣುಕಿಸುತ್ತಿತ್ತು.

ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು, ಉಳಿದವನ್ನು ಮುಟ್ಟಬಾರದು. ಇದು ಪ್ರಯೋಗದ ನಿಯಮ. ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ, ಸಿಗಲಿಲ್ಲ. ವೈಫೈ ಡಬ್ಬಿಯನ್ನು ಆರಿಸಿದೆ. ವಿಚಿತ್ರವೆಂದರೆ ಡಬ್ಬಿ ಆರಿದ ಮೇಲೂ ಫೋನಿನಲ್ಲಿ ವೈಫೈ ತುಂಬಿ ತುಳುಕುತ್ತಿತ್ತು. ಇದನ್ನು ನಾನು ಸಂಕೇತದ ಜಡತ್ವ ಎಂದು ಕರೆದು ಬರೆದುಕೊಂಡೆ. ಫೋನು ಎತ್ತಿ ಹಿಡಿದು ಮನೆಯೆಲ್ಲ ನಡೆದೆ. ಹಿಂದೆ ಮೂವರೂ ನಡೆದರು. ಬಚ್ಚಲಮನೆಯಲ್ಲಿ ಎಲ್ಲಕ್ಕಿಂತ ಜೋರಾಗಿತ್ತು. ಬಚ್ಚಲಿನ ಗೋಡೆಯಾಚೆ ಹಸನಸಾಬನ ಮನೆ.

ಎರಡೂ ಮನೆಗೆ ಕನೆಕ್ಷನ್ ಕೊಟ್ಟವನು ಒಬ್ಬನೇ. ವೈಫೈ ಹೆಸರುಗಳೂ ಒಂದೇ, ಕೊನೆಯ ಎರಡು ಅಂಕಿ ಬಿಟ್ಟರೆ. ನಮ್ಮದು ಹದಿನೇಳು, ಅವನದು ಎಪ್ಪತ್ತೊಂದು. ವರ್ಷದ ಹಿಂದೆ ನಮ್ಮ ಡಬ್ಬಿ ಕೆಟ್ಟಾಗ ಹಸನಸಾಬನೇ ಎರಡು ದಿನದ ಮಟ್ಟಿಗೆ ಎಂದು ತನ್ನ ವೈಫೈಯ ಪಾಸ್‌ವರ್ಡ್ ಕೊಟ್ಟಿದ್ದ. ಹೊಸ ಫೋನು ಹಳೆಯ ಫೋನಿನಿಂದ ಆ ಅಭ್ಯಾಸವನ್ನೂ ಕಲಿತಿತ್ತು. ಎರಡು ದಿನ ಹದಿನಾಲ್ಕು ತಿಂಗಳಾಗಿತ್ತು.

ಹಸನಸಾಬ ಬಚ್ಚಲ ಕಟ್ಟೆಗೆ ಒರಗಿ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದ. ಅವನ ಹೆಂಡತಿ ಅಖ್ತರಬೇಗಂ ವೈಫೈಯಲ್ಲಿ ನೋಡುವ ಧಾರಾವಾಹಿ ದಿನಾ ಸಂಜೆ ಅಳುವ ಮುಖಗಳ ಮೇಲೆಯೇ ನಿಂತುಬಿಡುತ್ತಿತ್ತು.

"ಅಂದ್ರ ಆ ಕೇಬಲ್‌ನಾಂವ್ಗ ನಾ ಸುಮ್ನ ಬೈದೀನೇನ್ ಮಾಸ್ತರ?" ಎಂದ. "ನಿನ್ನಿ ಸಂಜಿಕೂ ಬೈದೀನಿ."

ಕ್ಷಮೆ ಕೇಳಿ, ನಮ್ಮ ಡಬ್ಬಿಯನ್ನು ಮತ್ತೆ ಹಚ್ಚಿ, ಹದಿನೇಳಕ್ಕೆ ಬದಲಿಸಿದೆ. ಪೆಟ್ಟಿಗೆ ತಕ್ಷಣ ಸಿಕ್ಕಿತು. ನಾಲ್ವರೂ ಒಟ್ಟಿಗೆ ಉಸಿರು ಬಿಟ್ಟೆವು. ಆಗ ಅದು ಪಾಸ್‌ವರ್ಡ್ ಕೇಳಿತು. ನಿಮ್ಮೂರಿನ ಹೆಸರೇ ಎಂದು ಗಯಾಸ ಹೋಗುವಾಗ ಹೇಳಿದ್ದನ್ನು ಬರೆದಿಟ್ಟಿದ್ದೆನಲ್ಲ; ನಾನು ಹೆಮ್ಮೆಯಿಂದ ನಲವತ್ತೇಳನೆಯ ಪುಟ ತೆಗೆದೆ.

"ಯಾವ ಸ್ಪೆಲ್ಲಿಂಗ್?" ಎಂದ ಶ್ರೀಮಂತ.

ಯಾವ ಸ್ಪೆಲ್ಲಿಂಗ್ ಎಂದರೆ ಏನರ್ಥ, ಊರಿಗೆ ಒಂದೇ ಹೆಸರು ಎಂದೆ. ಮೂವತ್ತಮೂರು ವರ್ಷ ನಾನು ಸಹಿ ಮಾಡಿದ ಸರ್ಟಿಫಿಕೇಟುಗಳಲ್ಲಿ ಇರುವಂತೆ ಎಸ್, ಯು, ಆರ್, ಪಿ, ಯು, ಆರ್ ಎಂದು ಒತ್ತಿದೆ. ತಪ್ಪು ಎಂದಿತು, ಇನ್ನು ನಾಲ್ಕು ಅವಕಾಶ, ಆಮೇಲೆ ಅರ್ಧ ತಾಸು ಬೀಗ ಎಂದೂ ಹೇಳಿತು.

ಗಯಾಸನಿಗೆ ಫೋನು ಮಾಡಿದೆ. ಅವನು ಗುರುಮಠಕಲ್ಲಿನಲ್ಲಿ ಏಣಿಯ ಮೇಲಿದ್ದ. ನಾಳೆ ಸಂಜೆಯ ಒಳಗೆ ಬರುವುದಾಗುವುದಿಲ್ಲ ಎಂದ. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ; ಜಿಲ್ಲೆ ತುಂಬ ಕ್ಯಾಮರಾ ಹಾಕಿದ್ದಾನೆ. ಆದರೆ ಕ್ರಮ ನೆನಪಿತ್ತು. "ನಾ ಎಲ್ಲಾರ ಮನ್ಯಾಗೂ ಹಂಗೇ ಇಡ್ತೀನ್ರಿ ಸರ್. ಮನಿಯವ್ರನ್ನ ಕೇಳಿ ಅವ್ರೂರಿನ ಹೆಸರು. ಎಲ್ಲಾ ಸಣ್ಣ ಅಕ್ಷರ, ಆಮ್ಯಾಲ ಒಂದು ಎರಡು ಮೂರು." ಏಣಿ ಅಲುಗಿತೆಂದು ಕಾಣುತ್ತದೆ, ಫೋನು ಕಟ್ಟಾಯಿತು.

ಒಂದು ಎರಡು ಮೂರು ಸೇರಿಸಿ ಮತ್ತೆ ಒತ್ತಿದೆ. ತಪ್ಪು. ಅಯ್ಯಣ್ಣ ಮುಂದೆ ಬಂದ. ತಾನು ಸಾವಿರ ಸಾವಿರ ಕಾಗದದ ಮೇಲೆ ಮೊಹರು ಹೊಡೆದಿದ್ದೇನೆ, ಎಸ್ ಆದ ಮೇಲೆ ಎಚ್ ಬರುತ್ತದೆ, ಶೋರಾಪುರ, ಇಂಗ್ಲಿಷಿನವರು ಇಟ್ಟದ್ದು ಎಂದ. ಅದೂ ತಪ್ಪು. ಹಸನಸಾಬ ಅವನನ್ನು ಪಕ್ಕಕ್ಕೆ ಸರಿಸಿ, ತನ್ನ ಬಸ್ಸಿನ ಬೋರ್ಡಿನಲ್ಲಿ ಎಚ್ ಇರಲಿಲ್ಲ, ನಡುವೆ ಒಂದು ಎ ಇತ್ತು ಎಂದ. ತಪ್ಪು. ಈಗಿನ ಸರಕಾರಿ ಕಾಗದಗಳಲ್ಲಿ ಕೊನೆಗೂ ಒಂದು ಎ ಬಂದಿದೆ ಎಂದು ಶ್ರೀಮಂತ ತಾನೇ ಒತ್ತಿದ. ಪೆಟ್ಟಿಗೆ ಅರ್ಧ ತಾಸು ಬಾಗಿಲು ಹಾಕಿಕೊಂಡಿತು.

ಅರ್ಧ ತಾಸು ಮಾಡುವುದೇನು? ಪಡಸಾಲೆಯಲ್ಲಿ ಕೂತೆವು. ಶ್ರೀಮಂತ ಹೊಸ್ತಿಲ ಹತ್ತಿರ, ಹಸನಸಾಬ ಜೋಳದ ಚೀಲಕ್ಕೆ ಒರಗಿ, ಅಯ್ಯಣ್ಣ ನೆಲದ ಮೇಲೆ ಕಾಲು ಚಾಚಿ. ಮಲ್ಲಾಬಾಯಿ ಚಹಾ ತಂದಳು. ಹದಿಮೂರು ದಿನದಲ್ಲಿ ನಾವು ಏಳುವ ಅವಸರವಿಲ್ಲದೆ ಒಟ್ಟಿಗೆ ಕೂತದ್ದು ಅದೇ ಮೊದಲು.

ಎರಡನೆಯ ಸುತ್ತಿಗೆ ಸುದ್ದಿ ಓಣಿಗೆ ಹಬ್ಬಿತ್ತು. ಮಾಸ್ತರರಿಗೆ ತಮ್ಮೂರಿನ ಹೆಸರು ಬರೆಯಲು ಬರುತ್ತಿಲ್ಲವಂತೆ ಎಂದು ಒಬ್ಬೊಬ್ಬರಾಗಿ ಬಂದರು. ನನ್ನ ಕೈಯಲ್ಲಿ ಏಟು ತಿಂದ ಹಳೆಯ ವಿದ್ಯಾರ್ಥಿಗಳು ವಿಶೇಷ ಆಸಕ್ತಿಯಿಂದ ಬಂದರು. ಅವರಲ್ಲಿ ಬಟ್ಟೆ ಅಂಗಡಿಯವನೂ ಇದ್ದ. ಅವನು ಯು ಬದಲು ಎರಡು ಓ ಹಾಕಲು ಹೇಳಿದ. ಶ್ರೀಮಂತ ಮನೆಗೆ ಹೋಗಿ ತನ್ನ ಅಜ್ಜನ ಕಾಲದ ಒಂದು ಖರೀದಿಪತ್ರದ ನಕಲು ತಂದ. ಅದು ಉರ್ದುವಿನಲ್ಲಿತ್ತು. ಅಯ್ಯಣ್ಣ ಹಳೆಯ ಇನ್‌ಲ್ಯಾಂಡ್ ಪತ್ರ ತಂದ. ಮೊಹರು ಸ್ವಚ್ಛವಾಗಿ ಬಿದ್ದಿತ್ತು, ಎರಡನೆಯ ಅಕ್ಷರದ ಮೇಲೆ ಮಾತ್ರ ಮಸಿ ಚೆಲ್ಲಿತ್ತು. ಯಾರು ಹೊಡೆದ ಮೊಹರು ಇದು ಎಂದು ಶ್ರೀಮಂತ ಕೇಳಿದ. ಅಯ್ಯಣ್ಣ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ.

ತನ್ನ ಬಸ್ಸಿನ ಬೋರ್ಡಿನ ಕತೆಯನ್ನು ಹಸನಸಾಬ ಆಗ ಹೇಳಿದ. ಬರೆಯುವವನು ಮೊದಲು ಶಹಾಪುರವನ್ನು ದೊಡ್ಡದಾಗಿ ಬರೆದುಬಿಟ್ಟನಂತೆ. ನಮ್ಮೂರಿಗೆ ಬರುವ ಹೊತ್ತಿಗೆ ತಗಡು ಮುಗಿದಿತ್ತು. ಕೊನೆಯ ಅಕ್ಷರವನ್ನು ಬೋರ್ಡಿನ ಬದಿಗೆ ಮಡಚಿ ಬರೆದ. ಹನ್ನೊಂದು ವರ್ಷ ಆ ಬಸ್ಸು ಓಡಿತು. ಬೋರ್ಡು ಓದಿ ಯಾರೂ ಹತ್ತಲಿಲ್ಲ, ಹಸನಸಾಬನ ದನಿ ಕೇಳಿ ಹತ್ತಿದರು.

ಅಯ್ಯಣ್ಣ ಚಹಾದ ಬಸಿ ಕೆಳಗಿಟ್ಟ. "ನನ್ನ ಚೀಲದಾಗ ಈ ಊರಿನ ಹೆಸರು ನಲವತ್ತು ನಮೂನಿ ಬಂದಾವ" ಎಂದ. "ಒಬ್ಬಾಕಿ ಬರೀ 'ಬೇವಿನ ಗಿಡದ ಮನಿ, ಸುರ' ಅಂತ ಬರ್ದಿದ್ಲು. ಮುಟ್ಸೀನಿ. ಈ ಡಬ್ಬಿಗಿ ಅಷ್ಟೂ ತಿಳುವಳಿಕಿ ಇಲ್ಲಲ್ಲೋ ಮಾಸ್ತರ. ಒಂದ್ ಅಕ್ಷರ ಹೆಚ್ಚು ಕಮ್ಮಿ ಆದ್ರ ಬಾಗಿಲ ತೆಗೀವಲ್ದು."

ನಾನು ನೋಟುಬುಕ್ಕಿನಲ್ಲಿ ಮುಂದಿನ ಸಾಲಿಗೆ ನಂಬರು ಹಾಕಿದೆ.

ನಾಲ್ಕು ಗಂಟೆಯ ಹೊತ್ತಿಗೆ ನಮ್ಮೂರನ್ನು ಇಪ್ಪತ್ತನಾಲ್ಕು ಬಗೆಯಲ್ಲಿ ಬರೆದಿದ್ದೆವು. ಪ್ರತಿಯೊಂದನ್ನೂ ನೋಟುಬುಕ್ಕಿನಲ್ಲಿ ದಾಖಲಿಸಿ ಮುಂದೆ ತಪ್ಪು ಗುರುತು ಹಾಕಿದ್ದೆ. ಆ ಪುಟ ನೋಡಿದವನಿಗೆ ಇಂಥ ಊರೇ ಇಲ್ಲ ಎನಿಸಬೇಕು. ಈ ಸುತ್ತಿನಲ್ಲಿ ಉಳಿದದ್ದು ಒಂದೇ ಅವಕಾಶ. ಅದೂ ತಪ್ಪಿದರೆ ಬೀಗ ತೆರೆದು ಕಟ್ಟೆಯನ್ನು ಹುಡುಕುವ ಹೊತ್ತಿಗೆ ಐದಾಗಿ, ಸುಮಂಗಲಾ ಬಂದು ಹೋಗಿರುತ್ತಾಳೆ. ಅಯ್ಯಣ್ಣ ತನ್ನ ಚಪ್ಪಲಿ ಹುಡುಕತೊಡಗಿದ. ಇವತ್ತು ಹೋದರೆ ಅವನು ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನಾಲ್ಕನೆಯ ಸಲದ ಚಹಾದ ಬಸಿಗಳನ್ನು ಎತ್ತಿಕೊಳ್ಳಲು ಮಲ್ಲಾಬಾಯಿ ಬಂದಳು. ಬೆಳಗಿನಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನೀವೆಲ್ಲ ಓದಿದವರು, ಒಂದು ಊರಿನ ಹೆಸರಿಗೆ ಇಷ್ಟು ಮಂದಿ ಯಾಕೆ ಬೇಕು ಎಂದಳು. ಇದು ತಾಂತ್ರಿಕ ವಿಷಯ ಎಂದು ನಾನು ಹೇಳಿದೆ. ಅವಳು ಹೋಗದೆ ನೋಟುಬುಕ್ಕಿನ ಕಡೆ ಬಗ್ಗಿ ನೋಡಿದಳು.

"ಕ್ಯಾಮರಾ ಹಾಕಿದಾಂವ ಬಂದಿದ್ನಲ್ರಿ, ಆವತ್ತ ನಿಮ್ಮೂರು ಯಾವ್ದಮ್ಮಾ ಅಂತ ನನ್ನ ಕೇಳ್ದ" ಎಂದಳು. "ನೀವು ಹೊರಗ ಕಟ್ಟಿ ಮ್ಯಾಲ ನಿಂತು, ಎಡಕ್ಕ ತಿರುಗ್ಸು, ಬಲಕ್ಕ ತಿರುಗ್ಸು ಅಂತ ಒದರಾಕತ್ತಿದ್ರಿ. ಹುಡುಗ ಮಾತಾಡಾಕ ಕೇಳ್ಯಾನ ಅಂತ ನಾ ಹೇಳೀನಿ."

"ಏನ್ ಹೇಳೀದಿ?"

"ನಮ್ಮೂರ ಹೆಸರು. ವನದುರ್ಗ."

ವನದುರ್ಗ ಶಹಾಪುರ ತಾಲೂಕಿನಲ್ಲಿದೆ, ಮಲ್ಲಾಬಾಯಿಯ ತವರು. ಗುಡ್ಡದ ಕೋಟೆಯ ಬುಡದಲ್ಲಿ ಅವಳ ಅಣ್ಣನ ಮನೆಯಿದೆ. ಮದುವೆಯಾಗಿ ನಲವತ್ತೊಂದು ವರ್ಷವಾಯಿತಲ್ಲ, ಇನ್ನೂ ನಿನ್ನೂರು ಅದೇ ಏನು ಎಂದು ನಾನು ಕೇಳಿದೆ. ಜನರೆದುರು ಕೇಳಬಾರದಿತ್ತು.

"ನಲವತ್ತೊಂದು ವರ್ಷ ನಿಮ್ಮೂರಾಗ ಇದ್ದೀನಿ" ಎಂದಳು. "ನಮ್ಮೂರು ಎಲ್ಲಿ ಹೋಗ್ತದ?"

ಶ್ರೀಮಂತ ಗಂಭೀರವಾಗಿ ತಲೆಯಾಡಿಸಿದ. ಮೊಹರಿಲ್ಲದ ಮಾತಿಗೆ ಅವನು ತಲೆಯಾಡಿಸಿದ್ದನ್ನು ಅಂದೇ ಮೊದಲ ಸಲ ನೋಡಿದ್ದು. ಸ್ಪೆಲ್ಲಿಂಗಿನ ತಕರಾರು ಏಳಲೇ ಇಲ್ಲ. ಏಳನೆಯ ತರಗತಿ ಓದಿದ ಮಲ್ಲಾಬಾಯಿ, ಹುಡುಗಿಯಾಗಿದ್ದಾಗ ಬಸ್ಸಿಗೆ ಕಾಯುತ್ತ ನಿಂತು ನೋಡಿದ ರಸ್ತೆಯ ಬೋರ್ಡನ್ನು ಕಣ್ಣುಮುಚ್ಚಿ ಓದಿದಂತೆ ಒಂದೊಂದೇ ಅಕ್ಷರ ಹೇಳಿದಳು. ಆ ಬೋರ್ಡಿನ ಹತ್ತಿರ ಪಂಚಮಿಗೆ, ದೀಪಾವಳಿಗೆ ಮಲ್ಲಾಬಾಯಿಯನ್ನು ಎಷ್ಟೋ ಸಲ ತಾನೇ ಇಳಿಸಿದ್ದೇನೆ, ವಾಪಸು ಬರುವಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹತ್ತುತ್ತಿದ್ದಳು, ಟಿಕೇಟು ಕೇಳಲು ಧೈರ್ಯವಾಗುತ್ತಿರಲಿಲ್ಲ ಎಂದು ಹಸನಸಾಬ ನೆನೆಸಿಕೊಂಡ. ನಾನು ಒಂದು ಎರಡು ಮೂರು ಸೇರಿಸಿ ಒತ್ತಿದೆ.

ಬಾಗಿಲು ತೆರೆಯಿತು.

ಕಟ್ಟೆ ಬೀಳುವ ಹಿಂದಿನ ದಿನವನ್ನು ತೆಗೆದೆ. ಬೆಳಿಗ್ಗೆ ಆರು ಗಂಟೆ. ಕಟ್ಟೆಯ ಜಾಗದಲ್ಲಿ ಒಂದು ಆಡು ಎರಡು ಮರಿಗಳೊಂದಿಗೆ ಮಲಗಿತ್ತು. ಏಳಕ್ಕೆ ಹಾಲಿನ ಕ್ಯಾನುಗಳು. ಎಂಟಕ್ಕೆ ಶಾಲೆಯ ಮಕ್ಕಳು ಚೀಲ ಎಸೆದು ಬಸ್ಸಿಗೆ ಕಾಯುತ್ತಿದ್ದರು. ಒಂಬತ್ತರಿಂದ ಮಲ್ಲಾಬಾಯಿಯ ಮೆಣಸಿನಕಾಯಿ, ಇಡೀ ಉದ್ದಕ್ಕೂ ಹಳೆಯ ಸೀರೆ ಹಾಸಿ. ಮಧ್ಯಾಹ್ನ ಕಾಯಿಪಲ್ಯ ಮಾರುವ ದಾವಲಬೀ ಬುಟ್ಟಿ ಇಳಿಸಿ, ಪಕ್ಕದಲ್ಲಿ ಉರುಳಿಕೊಂಡು ಒಂದು ತಾಸು ನಿದ್ದೆ ಮಾಡಿದಳು. ನಾಲ್ಕಕ್ಕೆ ಅಖ್ತರಬೇಗಂ ಅಕ್ಕಿ ಆರಿಸಿದಳು. ಐದಕ್ಕೆ ನಾವು. ಓಡಿಸಿ ಓಡಿಸಿ ನೋಡಿದೆ. ಎರಡು ದಿನದ ಬೆಳಕಿನಲ್ಲಿ ಒಂದು ನಿಮಿಷವೂ ಆ ಕಟ್ಟೆ ಬರಿದಾಗಿರಲಿಲ್ಲ. ಕಲ್ಲಿನ ತುದಿಯಾಗಲಿ ಮೂಲೆಯಾಗಲಿ ಎಲ್ಲಿಯೂ ಕಾಣಲಿಲ್ಲ.

ಸುಮಂಗಲಾ ಐದಕ್ಕೆ ಸರಿಯಾಗಿ ಬಂದಳು. ಫೋನನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದಳು.

"ಕಟ್ಟಿ ಎಲ್ಲದ್ರಿ ಸರ್? ಬರೇ ಮಂದಿ ಕಾಣಾಕತ್ತಾರ."

ಮಂದಿ ಗಾಳಿಯಲ್ಲಿ ಕೂಡಲು ಬರುವುದಿಲ್ಲ, ಆದ್ದರಿಂದ ಅವರ ಕೆಳಗೆ ಕಟ್ಟೆ ಇದ್ದೇ ಇರಬೇಕು ಎಂದು ನಾನು ತರ್ಕ ಹೂಡಿದೆ. ಕಟ್ಟೆ ಇತ್ತು ಎಂಬುದನ್ನು ಅವಳು ಒಪ್ಪಿದಳು. ಆದರೆ ಉದ್ದ? ಫೋನನ್ನು ಮತ್ತೊಮ್ಮೆ ನೋಡಿ, ಏನೋ ಹೊಳೆದವಳಂತೆ, ಗುಂಡಿಯ ಅಂಚಿನಲ್ಲಿ ಗುತ್ತಿಗೆದಾರನ ಆಳುಗಳು ಹಾಕಿದ್ದ ಉದ್ದನೆಯ ಹಲಗೆಯನ್ನು ತೋರಿಸಿದಳು. ಆವತ್ತು ಹೇಗೆ ಕೂತಿದ್ದಿರೋ ಹಾಗೇ ಕೂಡಿರಿ ಎಂದಳು.

ಕೂತೆವು. ಬಾಗಿಲ ಹತ್ತಿರ ಶ್ರೀಮಂತ, ಅವನ ಪಕ್ಕ ನಾನು, ಆಚೆ ಹಸನಸಾಬ, ತುದಿಗೆ ಅಯ್ಯಣ್ಣ. ಸುಮಂಗಲಾ ಫೋನು ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಫೋನು ನೋಡಿದಳು. ಒಂದಿಂಚೂ ಫರಕಿಲ್ಲ ಎಂದಳು. ಈ ತುದಿಯ ಶ್ರೀಮಂತನಿಂದ ಆ ತುದಿಯ ಅಯ್ಯಣ್ಣನವರೆಗೆ ಟೇಪು ಹಿಡಿದಳು. ಹನ್ನೊಂದು ಫೂಟು ಎರಡು ಇಂಚು ಬಂತು. ಬರೆಯಲು ಹೋದವಳು ಪೆನ್ನು ತಡೆದಳು.

"ನಾಲ್ಕು ಮಂದಿಗಿ ಇಷ್ಟ ಯಾಕ್ ಬೇಕ್ರಿ ಸರ್?" ಎಂದಳು. "ನಿಮಗೂ ಹಸನಕಾಕಾಗೂ ನಡಕ ಒಬ್ಬರು ಕೂಡೂವಷ್ಟು ಖಾಲಿ ಬಿಟ್ಟೀರಿ. ಅದನ್ನ ತೆಗದು ಬರೀಲೇನು?"

ನಾವು ನಾಲ್ವರೂ ಒಟ್ಟಿಗೆ ಆ ಜಾಗ ನೋಡಿದೆವು. ಹಲಗೆಯ ಮೇಲೆ, ನನ್ನ ಬಲಕ್ಕೆ, ಒಂದು ಆಳಿನ ಅಗಲ. ಮೂರು ವರ್ಷ ದಿನಾ ಸಂಜೆ ಅದನ್ನು ಬಿಟ್ಟು ಕೂತಿದ್ದೆವು. ಬುದ್ಧಪ್ರಿಯ ಚೌಕಾಬಾರದ ಮನೆ ಕೊರೆದಿದ್ದ ಕಲ್ಲಿನ ಮುಂದಿನ ಜಾಗ ಅದು. ಬಿಟ್ಟಿದ್ದೇವೆ ಎಂಬುದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಬಾಗಿಲ ಮೇಲಿನ ಮಸೂರಕ್ಕೆ ಗೊತ್ತಿತ್ತು.

ಉತ್ತರ ಕೊಡಬೇಕಾದವನು ನಾನು. ನನ್ನ ಮನೆ, ನನ್ನ ಕಟ್ಟೆ, ನನ್ನ ವಿದ್ಯಾರ್ಥಿನಿ. ನಾನು ಬಾಯಿ ತೆರೆಯುವಷ್ಟರಲ್ಲಿ ಹಸನಸಾಬ ಗಂಟಲು ಸರಿಮಾಡಿಕೊಂಡು, ಹನ್ನೊಂದು ವರ್ಷ ಯಾರೂ ಓದದ ಬೋರ್ಡಿನ ಬಸ್ಸು ನಡೆಸಿದ ದನಿಯಲ್ಲಿ ಹೇಳಿದ:

"ಆ ಸೀಟು ಖಾಲಿ ಇಲ್ಲ ಬೇಟಿ. ರಿಜರ್ವ್ ಅದ."

ಸುಮಂಗಲಾ ಡ್ರಾಯಿಂಗ್ ಮಾಸ್ತರರ ಕೈಯಲ್ಲೂ ಕಲಿತವಳು. ಹನ್ನೊಂದು ಫೂಟು ಎರಡು ಇಂಚು ಎಂದು ಬರೆದುಕೊಂಡಳು. ಅವಳು ಹೋದ ಮೇಲೂ ನಾವು ಏಳಲಿಲ್ಲ. ಅಯ್ಯಣ್ಣ ಹಲಗೆಯ ತುದಿಯಲ್ಲಿ ಕಾಲು ಚಾಚಲು ಜಾಗ ಹುಡುಕುತ್ತಿದ್ದ. ಮಲ್ಲಾಬಾಯಿ ಒಳಗಿನಿಂದ ಶೇಂಗಾ ತಂದು ನಡುವಿನ ಖಾಲಿ ಜಾಗದಲ್ಲಿ ಇಟ್ಟು ಹೋದಳು. ಅವಳು ಯಾವಾಗಲೂ ಇಡುತ್ತಿದ್ದದ್ದು ಅಲ್ಲೇ.

ನಾನು ನೋಟುಬುಕ್ಕು ತರಿಸಿಕೊಂಡೆ. ನಲವತ್ತೇಳನೆಯ ಪುಟದಲ್ಲಿ "ನಮ್ಮೂರಿನ" ಎಂಬುದನ್ನು ಹೊಡೆದು "ಆಕೆಯ ಊರಿನ" ಎಂದು ತಿದ್ದಿದೆ. ಅದರ ಕೆಳಗೆ ಹೊಸ ಸಾಲು ಹಾಕಿ, ಯೂನಿಟ್ ಮರೆಯದೆ, ಬರೆದೆ: ಕಟ್ಟೆಯ ಉದ್ದ, ಐದು ಮಂದಿ.